ಸೋದರತ್ತೆಯ ಬೆನ್ನಿಗೆ ಬಿದ್ದ ಗುದ್ದು

ನನಗೆ ಮೊಮ್ಮಗಳು ಹುಟ್ಟಿದಳು. ಹತ್ತು ಸಲ ಬರೆದರೂ ನನಗೆ ಸಾಕಾಗದ ಮಾತು ಇದು. ತಲೆ ತುಂಬ ಕೂದಲು, ಅಜ್ಜನದೇ ಮೂಗು, ಬಿಗಿಹಿಡಿದ ಮುಷ್ಟಿ ಬಿಡಿಸಲು ಹೋದರೆ ಹುಬ್ಬು ಗಂಟಿಕ್ಕಿ ನನ್ನನ್ನೇ ಗದರಿಸುವ ಮುಖ. ನಾನು ನಾಲ್ಕನೇ ಇಯತ್ತೆಯ ತನಕ ಓದಿದವಳು, ಬರವಣಿಗೆ ನನ್ನ ಕೆಲಸವಲ್ಲ. ಆದರೆ ಈ ಕೂಸಿನ ತೊಟ್ಟಿಲ ಸಂಭ್ರಮಕ್ಕೆ ಮಂದಿ ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬರೆದೇ ತೀರಿಸುತ್ತೇನೆ.

ಬಾಣಂತನ ಮಾಡಲೆಂದು ಕುವೈತಿಗೆ ಬಂದಿದ್ದೆ. ಮಗಳು, ಅಳಿಯ ಇರುವುದು ಮೈದಾನ್ ಹವಲ್ಲಿಯಲ್ಲಿ, ಆರು ಮಹಡಿಯ ಕಟ್ಟಡದ ಮೂರನೆಯದರಲ್ಲಿ. ಎದುರು ಬಾಗಿಲಿನಲ್ಲಿ ಒಬ್ಬ ಅಮೆರಿಕದ ಹೆಣ್ಣುಮಗಳು. ನನ್ನದೇ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಸಣ್ಣ ಮಕ್ಕಳಿಗೆ ಪಾಠ ಹೇಳುವ ಕೆಲಸ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ, ನಾನೂ ಹಾಗೇ ಕರೆದೆ. ಅವರ ಬಾಗಿಲಿಗೆ ಅಂಗೈಯಷ್ಟು ಅಗಲದ ಅಮೆರಿಕದ ಬಾವುಟದ ಚೀಟಿ ಅಂಟಿಸಿತ್ತು. ಮಗಳಿಗೆ ಬೇನೆ ಬಂದಾಗ ಅಳಿಯ ಡ್ಯೂಟಿಯಲ್ಲಿದ್ದರು. ನಾನು ನಾಲ್ಕು ಬಾಗಿಲು ಬಡಿದೆ. ತೆಗೆದದ್ದು ಅದೊಂದೇ. ಅಕ್ಕೋರು ಮನೆಚಪ್ಪಲಿಯಲ್ಲೇ ಓಡಿಬಂದು ಕಾರು ತೆಗೆದು ನಮ್ಮನ್ನು ಜಾಬ್ರಿಯಾದ ಆಸ್ಪತ್ರೆಗೆ ಮುಟ್ಟಿಸಿದರು.

ಕೂಸಿಗೆ ಆರು ದಿನವಾಗಿದ್ದಾಗ ಹಾಡಹಗಲೇ ಸೈರನ್ ಕೂಗಿತು. ಇಲ್ಲಿರುವ ಅಮೆರಿಕದ ಸೈನ್ಯದ ಮೇಲೆ ದಾಳಿ ಎಂದು ಫೋನುಗಳಲ್ಲಿ ಸುದ್ದಿ. ಆಕಾಶದಲ್ಲಿ ಧಡಧಡ ಸದ್ದು, ಕಿಟಕಿಯ ಗಾಜುಗಳು ನಡುಗಿದವು. ನಾನು ಕೂಸನ್ನು ಎದೆಗವಚಿಕೊಂಡು ಬಚ್ಚಲಮನೆಯಲ್ಲಿ ಕೂತೆ. ಊರಿಗೆ ಹೋಗಿಬರುವ ವಿಮಾನಗಳೆಲ್ಲ ನಿಂತವು.

ವಿಮಾನ ನಿಂತದ್ದೇ ನನಗೆ ದೊಡ್ಡ ಚಿಂತೆಯಾಯಿತು. ನಮ್ಮಲ್ಲಿ ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಆಕೆ ಬಗ್ಗಿ ಹೆಸರು ಹೇಳುವಾಗ ಸುತ್ತ ಕೂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬೀಳದಿದ್ದರೆ ಹೆಸರಿಟ್ಟಂತೆ ಅಲ್ಲ. ಅಳಿಯನಿಗೆ ಇರುವುದು ಒಬ್ಬಳೇ ಅಕ್ಕ, ವಿಜಯಪುರದಲ್ಲಿ. ಟಿಕೆಟ್ ಮಾಡಿಸಿಟ್ಟಿದ್ದಳು, ಬರುವಂತಿಲ್ಲ. ನನ್ನ ಮೊದಲ ಮೊಮ್ಮಗಳು ಸೋದರತ್ತೆ ಇಲ್ಲದೆ, ಗುದ್ದಿಲ್ಲದೆ, ಆಸ್ಪತ್ರೆಯ ಕಾಗದದ ಮೇಲಿನ ಹೆಸರಿನಲ್ಲೇ ಇರಬೇಕೇ?

ಇದರ ನಡುವೆ ಒಂದು ಸಂಜೆ ಅಳಿಯ ಕಟ್ಟಡದ ಇಬ್ಬರು ಗಂಡಸರನ್ನು ಕರೆದುಕೊಂಡು ಎದುರು ಬಾಗಿಲಿಗೆ ಹೋದರು. ನಾನು ನಮ್ಮ ಹೊಸ್ತಿಲಲ್ಲೇ ನಿಂತಿದ್ದೆ. ಮೂವರೂ ಇಂಗ್ಲಿಷಿನಲ್ಲಿ ಏನೋ ಹೇಳಿದರು, ನಮ್ಮ ಬಾಗಿಲ ಕಡೆ ಕೈ ತೋರಿಸಿದರು. ಅಕ್ಕೋರು ಉಗುರಿನಿಂದ ಕೆರೆದು ಆ ಬಾವುಟವನ್ನು ಕಿತ್ತು, ಮಡಚಿ ಕಿಸೆಗೆ ಹಾಕಿಕೊಂಡು, "ಖಲಾಸ್" ಎಂದು ಒಳಗೆ ಹೋದರು. ನಮ್ಮ ಶೂರರು ಬಂದು ಸೋಫಾದ ಮೇಲೆ ಕೂತು ಚಹಾ ಕೇಳಿದರು.

"ಏನ್ ಹೇಳಿದ್ರಿ ಆಕಿಗೆ?" ಎಂದೆ.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಅಮೆರಿಕಾದವ್ರು ಎಲ್ಲಿರ್ತಾರ ಅಂತ ಹುಡುಕ್ಯಾಡಿ ಹೊಡ್ಯಾಕತ್ತಾರಂತ. ಎದುರಿಗೆ ಹಸುಗೂಸ ಐತಿ, ಅದಕ್ಕರ ತಗೀರಿ ಅಂದ್ವಿ."

"ಅಂದ್ರ ನನ್ನ ಮೊಮ್ಮಗಳನ್ನ ಮುಂದ ಮಾಡಿದ್ರಿ! ಆಕಾಶದಾಗಿಂದ ಬೀಳೋದು ಲಿಫ್ಟ್ ಹತ್ತಿ ಮೂರನೇ ಮಾಳಿಗಿಗೆ ಬಂದು, ಬಾಗಿಲಾ ನೋಡಿ ಹೊಡಿತೈತೇನ್ರಿ? ಅಂಜಿದವ್ರು ನೀವು. ಕೂಸ ಎಲ್ಲಿ ಅಂಜೇತಿ?"

ಅಳಿಯಂದಿರ ಮುಂದೆ ಹೀಗೆ ಮಾತಾಡಬಾರದು, ಗೊತ್ತು. ಆದರೆ ಆಗಸ್ಟ್ ಹದಿನೈದಕ್ಕೆ ಇದೇ ಮೂವರು ನಮ್ಮ ಬಾವುಟ ಹಿಡಿದು ತೆಗೆಸಿಕೊಂಡ ಫೋಟೊ ಗೋಡೆಯ ಮೇಲೆ ನೇತಾಡುತ್ತಿತ್ತು. ನಿಮ್ಮದಾದರೆ ದೇಶಭಕ್ತಿ, ಆಕೆಯದಾದರೆ ಅಪಾಯ! ನಾನು ಚಹಾ ಮಾಡಿಕೊಡಲಿಲ್ಲ.

ಮರುದಿನ ಬಾಣಂತಿಗೆಂದು ಮಾಡಿದ ಅಂಟಿನುಂಡಿ ಒಂದು ಡಬ್ಬಿಯಲ್ಲಿ ತುಂಬಿಕೊಂಡು, ಮಗಳನ್ನು ಮಾತು ತಿಳಿಸಲು ಜೊತೆಗೆ ಕರೆದುಕೊಂಡು ಅಕ್ಕೋರ ಮನೆಗೆ ಹೋದೆ. ಅವರ ಮೇಲೂ ನನಗೆ ಸಿಟ್ಟಿತ್ತು. ಮೂವರು ಬಂದು ನಿಂತ ಕೂಡಲೇ ಕಿತ್ತುಕೊಡುವುದೇ? ಕೇಳಿದೆ.

ಅವರು ಹೇಳಿದ್ದನ್ನು ಮಗಳು ತಿಳಿಸಿದಳು. "ನಾವು ಅಮೆರಿಕಾದವ್ರು ಹಿಂಗ ಅದೇವಿ. ಯಾರರೆ ನಮ್ಮನ್ನ ಹೊಡದ್ರ ಮೊದಲ ನಮ್ಮ ಬಾವುಟ ಹುಡುಕಿ ಏರಿಸ್ತೇವಿ. ಸಣ್ಣಾಕಿ ಇದ್ದಾಗಿಂದ ನೋಡೇನಿ, ಓಣಿ ತುಂಬ ಬಾವುಟ, ಜಗಳಾಡಿದವ್ರೂ ಅವತ್ತ ಒಂದ. ಊರಿಗೆ ವಾಪಸ್ ಬಾ ಅಂತ ಸರಕಾರದವ್ರು ಅಂದಾರ, ಮಕ್ಕಳ ಪರೀಕ್ಷಾ ಮುಗೀಲಿ ಅಂದೇನಿ. ಅವರು ಬ್ಯಾರೇನರೆ ಕಾರಣ ಹೇಳಿದ್ರ ತಗೀತಿರಲಿಲ್ಲ. ಕೂಸಂದ್ರು, ತಗದೆ."

ಆಗಲೂ ನಾನು ಸುಮ್ಮನಿರಲಿಲ್ಲ. "ಕಂಡೋರ ದೇಶದಾಗ ನಿಮ್ಮ ಸೈನ್ಯ ಯಾಕ ಕುಂದರಬೇಕ್ರಿ? ಅದರಿಂದನ ಅಲ್ಲೇನು ಇದೆಲ್ಲಾ?" ಎಂದು ಮಗಳ ಬಾಯಿಂದ ಕೇಳಿಸಿದೆ. ಅಕ್ಕೋರ ಮುಖ ಕೆಂಪಾಯಿತು. ತಮ್ಮ ಸರಕಾರವನ್ನು ತಾವೇ ಒಂದು ಗಳಿಗೆ ಚೆನ್ನಾಗಿ ಬೈದರು. ಖುಷಿಯಾಗಿ ನಾನೂ ಎರಡು ಮಾತು ಸೇರಿಸಿದೆ ನೋಡಿ, ಬೆರಳೆತ್ತಿ ನನಗೇ ತಿರುಗಿ ಬಿದ್ದರು. ನಾವು ನಮ್ಮ ಅಣ್ಣತಮ್ಮಂದಿರನ್ನು ಬೈಯುತ್ತೇವೆ, ಪರರು ಬೈದರೆ ಬಿಡುತ್ತೇವೆಯೇ? ಆ ಹೆಣ್ಣುಮಗಳು ನನಗೆ ಆವಾಗಲೇ ಹಿಡಿಸಿದಳು. ಅಲ್ಲೇ ಕೂತು ಹೇಳಿಬಿಟ್ಟೆ: ಸೋದರತ್ತೆ ನೀವೇ.

ಸುದ್ದಿ ಹರಡಿತು. ಎರಡನೇ ಮಹಡಿಯಿಂದ ಬ್ಯಾಂಕಿನವರ ಹೆಂಡತಿ, ಮೈಸೂರಿನ ಕಡೆಯವಳು, ಮೆಟ್ಟಿಲು ಹತ್ತಿ ಬಂದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಇಂಥ ಟೈಮಲ್ಲಿ ಆಯಮ್ಮನ ಜೊತೆ ಓಡಾಡೋದು ಸೇಫ್ ಅಲ್ಲ. ಅವ್ರು ಬರೋದಾದ್ರೆ ನಾವ್ಯಾರೂ ಬರಲ್ಲ. ಶಾಸ್ತ್ರ ಅನ್ನೋದೊಂದು ಇದೆ ಅಲ್ವಾ?"

"ಶಾಸ್ತ್ರ ನನಗ ಹೇಳಬ್ಯಾಡವಾ. ಮಗಳಿಗೆ ಬ್ಯಾನಿ ಬಂದಾಗ ನಿಮ್ಮ ಬಾಗಿಲಾನೂ ಬಡದಿದ್ದೆ. ಒಳಗ ಟಿವಿ ಸದ್ದ ಕೇಳತಿತ್ತು."

ಅವಳು ಮುಖ ಉಬ್ಬಿಸಿಕೊಂಡು ಹೋಗುವಾಗ, ಸೋದರತ್ತೆಗೆ ಗುದ್ದುವ ಪದ್ಧತಿಯನ್ನು ಮಗಳು ಹೇಳಿದಳು. ಅವರ ಕಡೆ ಈ ಪದ್ಧತಿ ಇಲ್ಲ. ಗಕ್ಕನೆ ನಿಂತಳು. "ನಿಜವಾಗ್ಲೂ ಹೊಡೀಬಹುದಾ?"

ಹದಿಮೂರನೇ ದಿನ ಬರುವುದಿಲ್ಲ ಎಂದವರೆಲ್ಲ ಬಂದರು! ಅಮೆರಿಕದವಳ ಬೆನ್ನಿಗೆ ಗುದ್ದುವ ಅವಕಾಶವನ್ನು ಯಾರು ಬಿಡುತ್ತಾರೆ? ಕಡಲೆ ಗುಗ್ಗರಿ ಹಾಕಿದೆ, ತೊಟ್ಟಿಲಿಗೆ ಹೂ ಕಟ್ಟಿದೆ, ಕೂಸಿನ ತಲೆಗೆ ಹೊಸ ಕುಲಾಯಿ ತೊಡಿಸಿದೆ. ವಿಜಯಪುರದ ನಿಜವಾದ ಸೋದರತ್ತೆ ಫೋನಿನ ಪರದೆಯಲ್ಲಿ ಕೂತು ನೋಡುತ್ತಿದ್ದಳು. ಸಡಗರದಲ್ಲಿ ಎಲ್ಲ ನೆನಪಿಟ್ಟೆ, ಒಂದನ್ನು ಮರೆತೆ. ಬೆನ್ನಿಗೆ ಗುದ್ದು ಬೀಳುತ್ತದೆ ಎಂದು ಅಕ್ಕೋರಿಗೇ ಯಾರೂ ಹೇಳಿರಲಿಲ್ಲ.

ಅವರು ಬಗ್ಗಿ ಕೂಸಿನ ಕಿವಿಗೆ ಬಾಯಿ ತಂದರು. ಬಿತ್ತು ನೋಡಿ! ನಮ್ಮ ಕಡೆಯವರು ಮೆಲ್ಲಗೆ ತಟ್ಟಿದರು, ಆ ಬ್ಯಾಂಕಿನವಳು ಮಾತ್ರ ವಾರದ ಅಂಜಿಕೆಯನ್ನೆಲ್ಲ ಮುಷ್ಟಿಯಲ್ಲಿ ತುಂಬಿ ಗುದ್ದಿದಳು. ಅಕ್ಕೋರು ಸರ್ರನೆ ತಿರುಗಿ ಅವಳ ಭುಜಕ್ಕೆ ಒಂದು ಕೊಟ್ಟರು. ಅವಳು ಗುಗ್ಗರಿಯ ಬುಟ್ಟಿಯ ಮೇಲೆ ಕೂತಳು.

"ನೋಡಿದ್ರಾ ಇವರ ಬುದ್ಧಿ!" ಎಂದು ಕೂಗಿದಳು. ಹೆಂಗಸರು ಸೆರಗು ಕೊಡವಿ ಎದ್ದರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಹೆಸರಾಗೂ ತನಕಾ ಒಬ್ಬರೂ ಹೋಗಂಗಿಲ್ಲ. ಮೊದಲ ಜೋರ್ ಹೊಡದಾಕಿ ಯಾರು? ಹೊಡಸಿಕೊಂಡು ಕೈ ಮುಗೀಬೇಕಿತ್ತೇನು ಆಕಿ?"

ಫೋನಿನೊಳಗಿನಿಂದ ವಿಜಯಪುರದವಳು ಕೂಗಿದಳು: "ನಾ ಇದ್ರೂ ತಿರುಗಿ ಹೊಡೀತಿದ್ನಿ, ಅತ್ತಿ!"

ಯಾರೋ ಕಿಸಕ್ಕನೆ ನಕ್ಕರು. ಮಗಳು ಅಕ್ಕೋರಿಗೆ ಪದ್ಧತಿ ಬಿಡಿಸಿ ಹೇಳಿದಳು. ಅವರು ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಬ್ಯಾಂಕಿನವಳ ಕೈ ಹಿಡಿದು ಎಬ್ಬಿಸಿ, ಸೀರೆಗೆ ಅಂಟಿದ ಕಡಲೆ ಬಿಡಿಸಿ, ಅವಳ ಮುಂದೆಯೇ ಬೆನ್ನು ಕೊಟ್ಟು ಕೂತು "ಯಲ್ಲಾ" ಎಂದರು, ಅರಬ್ಬಿಯಲ್ಲಿ ಹೂಂ ನಡೀಲಿ ಎಂದಂತೆ. ಅವಳು ನನ್ನ ಮುಖ ನೋಡಿದಳು, ಹೆದರಿ ಹೆದರಿ ಗುದ್ದಿದಳು. ಉಳಿದವರೂ ಬಂದು ಕೂತರು. ಎಲ್ಲ ಗುದ್ದು ತಿನ್ನುತ್ತ ಅಕ್ಕೋರು ನನ್ನ ಮೊಮ್ಮಗಳ ಹೆಸರನ್ನು ಕಿವಿಯಲ್ಲಿ ಮೂರು ಸಲ ಹೇಳಿದರು. ನನಗೆ ಕಣ್ಣು ಕಾಣಿಸದಷ್ಟು ನೀರು ಬಂತು.

ಅಳಿಯ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಹೆಸರಿಟ್ಟ ಅಕ್ಕನಿಗೆ ಸೀರೆ ಕೊಟ್ಟು ಕಾಲಿಗೆ ಬೀಳುವುದು ತಮ್ಮನ ಪಾಲಿನ ಕೆಲಸ. ಇಳಕಲ್ ಸೀರೆಯನ್ನು ಅವರ ಕೈಯಲ್ಲಿಟ್ಟೆ.

"ಅತ್ತಿ, ನಾನ?"

"ನೀವ. ಬಾವುಟ ತಗಸಾಕ ಮುಂದ ಹೋಗಿದ್ರಲ್ಲಾ, ಈಗೂ ಮುಂದ ಹೋಗ್ರಿ."

ಹೋದರು. ಸೀರೆ ಕೊಟ್ಟು, ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಹೇಳಿ, ಕಾಲಿಗೆ ಬಗ್ಗಿದರು. ಅಕ್ಕೋರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಈತನೂ ಎಲ್ಲಿ ಗುದ್ದುತ್ತಾನೋ ಅಂದುಕೊಂಡಿರಬೇಕು.