ಲೋಕಯ್ಯನವರ ಜ್ವರ

ಕೋವಿಡ್ ಕಳೆದು ಎರಡನೇ ವರ್ಷ. ಬಂಟ್ವಾಳದ ಒಂದು ಸೇವಾಸಂಸ್ಥೆಯ ಆಪ್ತಸಮಾಲೋಚನಾ ಕೇಂದ್ರದಲ್ಲಿ ನಾನು ಹಿರಿಯ ಸಮಾಲೋಚಕಿಯಾಗಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷಗಳ ಅನುಭವ. ನಾರಾವಿಯ ಶ್ರುತಿ ನಮ್ಮಲ್ಲಿ ಸೇರಿ ಎಂಟು ತಿಂಗಳಾಗಿತ್ತು. ಆಕೆಯ ಕೆಲಸದ ಮೇಲ್ವಿಚಾರಣೆಯೂ ನನ್ನದೇ. ಈ ಪ್ರಕರಣವನ್ನು ಬರೆಯಲು ಶ್ರುತಿ, ಲೋಕಯ್ಯ ಇಬ್ಬರ ಒಪ್ಪಿಗೆಯನ್ನೂ ಪಡೆದು, ಹೆಸರುಗಳನ್ನು ಬದಲಿಸಿದ್ದೇನೆ. ನನ್ನ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ.

ಲೋಕಯ್ಯ ವಾಮದಪದವು ಕಡೆಯ ಲೈನ್‌ಮ್ಯಾನ್, ವಯಸ್ಸು ನಲವತ್ತಾರು. ಮಳೆಗಾಲದ ಒಂದು ದಿನ ಜ್ವರವೆಂದು ರಜೆ ಹಾಕಿದ್ದರು. ಅವರ ಬದಲು ಕಂಬ ಹತ್ತಿದ ಜೊತೆಗಾರ ಸುಂದರ ಜಾರಿ ಬಿದ್ದು ತೀರಿಕೊಂಡ. ಅಂದಿನಿಂದ ಲೋಕಯ್ಯನವರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಏಣಿ ಹತ್ತಲಾಗುವುದಿಲ್ಲ. ಸಾಯುವ ಯೋಚನೆ ಬರುತ್ತದೆ ಎಂದೂ ಹೇಳಿದರು. ಅವರನ್ನು ಮನೋವೈದ್ಯರ ಬಳಿ ಕಳಿಸಿ ಔಷಧಿ ಶುರುಮಾಡಿಸಿದೆ, ಅವರನ್ನು ಕೇಳಿಯೇ ಹೆಂಡತಿಗೆ ವಿಷಯ ತಿಳಿಸಿದೆ, ವಾರಕ್ಕೊಮ್ಮೆ ಬರಲು ಹೇಳಿದೆ.

ಆರು ವಾರ ತಪ್ಪದೆ ಬಂದರು. ಬದುಕುಳಿದವರನ್ನು ಕಾಡುವ ಪಾಪಪ್ರಜ್ಞೆಯ ಬಗ್ಗೆ ನಾನು ಚಾರ್ಟ್ ಹಾಕಿ ವಿವರಿಸಿದೆ. "ಜ್ವರ ಬಂದದ್ದು ನಿಮ್ಮ ಕೈಯಲ್ಲಿತ್ತಾ ಲೋಕಯ್ಯ? ನಿಮ್ಮ ತಪ್ಪೇನೂ ಇಲ್ಲ" ಎಂದು ಪ್ರತಿಸಲವೂ ಹೇಳಿದೆ. ಅವರು ನೆಲ ನೋಡುತ್ತ "ಹೌದು ಮೇಡಂ" ಎನ್ನುತ್ತಿದ್ದರು. ನಾನು ಫೈಲಿನಲ್ಲಿ 'ಸ್ಪಂದನೆ ಉತ್ತಮ' ಎಂದು ಬರೆಯುತ್ತಿದ್ದೆ. ಅವರಿಗೆ ನಿದ್ದೆ ಮಾತ್ರ ಬರಲಿಲ್ಲ.

ಏಳನೇ ವಾರ ನಾನು ತರಬೇತಿ ಕೊಡಲು ಮೂಡುಬಿದಿರೆಗೆ ಹೋಗಿದ್ದರಿಂದ ಶ್ರುತಿ ಅವರನ್ನು ನೋಡಿದಳು. ಮರುವಾರ ಲೋಕಯ್ಯ ನನ್ನ ಬಾಗಿಲಲ್ಲೇ ನಿಂತು, "ಬೇಜಾರು ಮಾಡಬೇಡಿ ಮೇಡಂ. ನಾನು ಆ ಸಣ್ಣ ಮೇಡಂ ಹತ್ರವೇ ಮಾತಾಡ್ತೇನೆ, ಆಗ್ತದಾ?" ಎಂದರು.

"ಧಾರಾಳ" ಎಂದೆ, ನಗುತ್ತಲೇ. ಅವರು ಹೋದ ಮೇಲೆ ಹೊಟ್ಟೆ ಉರಿಯಿತು.

ನಮ್ಮ ಕೋಣೆಗಳ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ, ತುಳುವಿನ ರಾಗ ಕೇಳುತ್ತಿತ್ತು. ನನ್ನ ಮನೆಮಾತೂ ತುಳುವೇ. ಆದರೆ ಕನ್ನಡದಲ್ಲಿ ಆಡಿದರೆ ಮಾತಿಗೆ ತೂಕ ಬರುತ್ತದೆಂದು ನಂಬಿದ್ದೆ. ಒಂದು ದಿನ ಆ ಕಡೆ ಲೋಕಯ್ಯ ನಕ್ಕರು. ನನ್ನೆದುರು ಅವರು ಒಮ್ಮೆಯೂ ನಕ್ಕಿರಲಿಲ್ಲ. ಅಂದು ಶ್ರುತಿಯ ಮಾಸಿಕ ವರದಿಯನ್ನು ಸರಿಯಿಲ್ಲವೆಂದು ವಾಪಸು ಕಳಿಸಿದೆ. ಮರುದಿನ ಇನ್ನೊಮ್ಮೆ ಬರೆಸಿದೆ. "ಹುಡುಗಿ ಬಂದವರ ಜೊತೆ ಸ್ವಲ್ಪ ಜಾಸ್ತಿ ಸಲಿಗೆ" ಎಂದು ಸಂಸ್ಥೆಯ ಕಾರ್ಯದರ್ಶಿಯ ಕಿವಿಗೂ ಹಾಕಿದೆ.

ಐದು ವಾರ ಕಳೆದ ಮೇಲೆ ಮೇಲ್ವಿಚಾರಣೆಯ ನೆಪದಲ್ಲಿ ಲೋಕಯ್ಯನವರ ಫೈಲು ತರಿಸಿಕೊಂಡೆ. ತಪ್ಪು ಹುಡುಕುವುದೇ ನನ್ನ ಉದ್ದೇಶವಾಗಿತ್ತು. ಪ್ರತಿ ಭೇಟಿಯ ಕೊನೆಗೂ ಆಕೆ ಒಂದೇ ಪ್ರಶ್ನೆ ಕೇಳಿದ್ದಳು: 'ಇವತ್ತು ನಾನು ಹೇಳಿದ್ದರಲ್ಲಿ ನಿಮಗೆ ಯಾವುದು ಸರಿ ಕಾಣಲಿಲ್ಲ?' ಮೊದಲ ವಾರದ ಉತ್ತರ: 'ಜ್ವರದ ವಿಷಯ ತೆಗೆಯಬೇಡಿ.' ಮೂರನೇ ವಾರದ್ದು: 'ನನಗೆ ಜ್ವರ ಇರಲಿಲ್ಲ.'

ತನಗಿಂತ ಆರು ವರ್ಷ ಚಿಕ್ಕವನಾದ ಸುಂದರನಿಗೆ ತಂಡದ ಮುಖ್ಯಸ್ಥನ ಜವಾಬ್ದಾರಿ ಸಿಕ್ಕಿತ್ತು. ಆ ಹೊಟ್ಟೆಕಿಚ್ಚಿಗೆ ಲೋಕಯ್ಯ ಸುಳ್ಳು ರಜೆ ಹಾಕಿ ಮನೆಯಲ್ಲಿ ಕುಳಿತಿದ್ದರು. ನಾನು ಆರು ವಾರವೂ ಜ್ವರ, ಜ್ವರ ಎಂದು ಆ ಸುಳ್ಳಿನ ಮೇಲೆಯೇ ಒತ್ತಿದ್ದೆ. ತಪ್ಪಿಲ್ಲ ಎಂದು ನಾನು ಮೊದಲೇ ತೀರ್ಪು ಕೊಟ್ಟಾಗಿತ್ತು. ಇನ್ನು ಅವರು ಹೇಳುವುದಾದರೂ ಹೇಗೆ?

ಶ್ರುತಿಯನ್ನು ಕರೆದು ಕೇಳಿದೆ: "ಅವರು ಇದನ್ನು ಹೇಳಿದಾಗ ನೀನು ಏನು ಹೇಳಿದೆ?"

"ಏನೂ ಹೇಳಲಿಲ್ಲ ಅಕ್ಕ. ಅವರು ಅತ್ತರು, ನಾನು ಸುಮ್ಮನೆ ಕೂತೆ. ಆಮೇಲೆ ಸುಂದರಣ್ಣ ಹೇಗಿದ್ದರು ಹೇಳಿ ಅಂದೆ. ಮುಕ್ಕಾಲು ಗಂಟೆ ಅದನ್ನೇ ಹೇಳಿದರು." ಮತ್ತೆ ಮುಂದುವರಿಸಿದಳು: "ಹೊಟ್ಟೆಕಿಚ್ಚು ಪಟ್ಟವನಿಗೆ ಕ್ಷಮೆ ಉಂಟಾ ಅಂತ ಕೇಳಿದ್ದಾರೆ. ನನಗೆ ಉತ್ತರ ಗೊತ್ತಿಲ್ಲ. ನೀವು ಹೇಳಿ."

"ಇಷ್ಟು ದಿನ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಶ್ರುತಿ. ಆ ವರದಿಯಲ್ಲಿ ತಪ್ಪೇ ಇರಲಿಲ್ಲ" ಎಂದೆ.

"ಗೊತ್ತಾಗ್ತಿತ್ತು ಅಕ್ಕ. ಈ ತಿಂಗಳು ಮುಗಿದ ಮೇಲೆ ಕೆಲಸ ಬಿಡುವ ಅಂತ ಇದ್ದೆ."

ಅದೇ ದಿನ ಕಾರ್ಯದರ್ಶಿಯವರನ್ನು ಕಂಡು ನನ್ನ ಮಾತನ್ನು ಹಿಂದಕ್ಕೆ ಪಡೆದೆ. ಶ್ರುತಿ ಉಳಿದಳು.

ಕೆಲವು ತಿಂಗಳ ನಂತರ ಲೋಕಯ್ಯ ತಾವಾಗಿಯೇ ಸುಂದರನ ಹೆಂಡತಿಯ ಮನೆಗೆ ಹೋಗಿ ನಿಜ ಹೇಳಿದರು. ಆಕೆ ಎದ್ದು ಒಳಗೆ ಹೋದಳಂತೆ. ಎರಡು ವಾರದ ಮೇಲೆ ಫೋನು ಮಾಡಿ, "ವರ್ಷಾಂತಿಕಕ್ಕೆ ಬನ್ನಿ" ಎಂದಳಂತೆ. ಲೋಕಯ್ಯನವರಿಗೆ ನಿದ್ದೆ ಮೆಲ್ಲನೆ ಮರಳಿತು. ಮೊದಲು ಕಚೇರಿಯ ಕೆಲಸಕ್ಕೆ ಹೋದರು, ಮರುವರ್ಷ ಏಣಿ ಹತ್ತಿದರು.

ಸಮಾಲೋಚನೆ ಫಲಿಸುವುದು ನಮ್ಮ ವಿವರಣೆಯ ಬಲದಿಂದಲ್ಲ; ಎದುರಿಗಿರುವವರು ತಮ್ಮ ಅತಿ ಕೆಟ್ಟ ಮಾತನ್ನು ಯಾರೆದುರು ಆಡಬಲ್ಲರು ಎಂಬುದರಿಂದ. ಆ ವ್ಯಕ್ತಿ ಕೆಲವೊಮ್ಮೆ ನಾನಾಗಿರುವುದಿಲ್ಲ. ಈಗ ನಾನೂ ಪ್ರತಿ ಭೇಟಿಯ ಕೊನೆಗೆ ಆ ಪ್ರಶ್ನೆ ಕೇಳುತ್ತೇನೆ. ಉತ್ತರ ಕೇಳಿ ನೋವಾಗುವುದೂ ಉಂಟು. ಶ್ರುತಿ ಈಗ ಬೆಳ್ತಂಗಡಿಯಲ್ಲಿದ್ದಾಳೆ. ನನ್ನಿಂದ ಆಗದ ಕೆಲವರನ್ನು ಅವಳ ಬಳಿ ಕಳಿಸುತ್ತೇನೆ. ಚೀಟಿಯಲ್ಲಿ ಅವಳ ಹೆಸರು ಬರೆಯುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಬರೆಯುತ್ತೇನೆ.