ನೇರಳೆ ಅಂಕಿಯ ತತ್ತಿ

ತತ್ತಿಯ ಮೇಲೆ ತಾರೀಖು ಬರೆಯುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ಆರಂಭಿಸಿದವಳು ನಾನು. ಆದ್ದರಿಂದ ಈಗ ಹೇಳುವ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇದೆ.

ಗಡಹಿಂಗ್ಲಜದ ಹೊರಗೆ ನಮ್ಮ ಹೊಲ, ಹೊಲದಲ್ಲಿಯೇ ಮನೆ. ಏಳು ಕೋಳಿ. ಯುದ್ಧ ಶುರುವಾದ ಮರುವರ್ಷ, ನನಗೆ ಹದಿನಾರು ತುಂಬಿದಾಗ, ಅವುಗಳ ಲೆಕ್ಕ ನನ್ನ ಕೈಗೆ ಬಂತು. ತತ್ತಿ ಸಿಕ್ಕ ಕೂಡಲೇ ಒದ್ದೆ ಮಾಡಿದರೆ ನೇರಳೆ ಬಣ್ಣ ಬಿಡುವ ಪೆನ್ಸಿಲಿನಿಂದ ಅದರ ಮೇಲೆ ಆ ದಿನದ ತಾರೀಖು, ಕೆಳಗೆ ಕೋಳಿಯ ಗುರುತು ಬರೆಯುತ್ತಿದ್ದೆ. ಕರಿ ಕೋಳಿಗೆ ‘ಕ’, ಬಿಳಿ ಕೋಳಿಗೆ ‘ಬಿ’. ಶಾಲೆಯಲ್ಲಿ ಕಲಿತದ್ದು ಮರಾಠಿ ಅಂಕಿ. ಆದರೆ ಮನೆಯ ಲೆಕ್ಕದ ವಹಿಯಲ್ಲಿಯೂ ತತ್ತಿಯ ಮೇಲೂ ಅಪ್ಪ ಕಲಿಸಿದ ಕನ್ನಡ ಅಂಕಿಯನ್ನೇ ಬರೆಯುತ್ತಿದ್ದೆ.

ಬರೆದು ನೋಡಿದ್ದರಿಂದ ನನಗೆ ಎರಡು ಸಂಗತಿ ತಿಳಿದವು. ತಿಪ್ಪೆ ಕೆದರಿ ಹುಳ, ಹಸಿ ಸೊಪ್ಪು ತಿನ್ನುವ ಕರಿ ಕೋಳಿಯ ತತ್ತಿಯೇ ಎಲ್ಲಕ್ಕಿಂತ ರುಚಿ; ಒಡೆದರೆ ಹಳದಿ ಗುಂಡಗೆ ಎದ್ದು ನಿಲ್ಲುತ್ತದೆ. ಎರಡನೆಯದು, ಎಂತಹ ಕೋಳಿಯದೇ ಆಗಲಿ, ತತ್ತಿ ನಾಲ್ಕು ದಿನದೊಳಗೆ ತಿಂದರೆ ತತ್ತಿ. ಎಂಟು ದಿನ ದಾಟಿದರೆ ಬಿಳಿ ನೀರಾಗುತ್ತದೆ, ನೀರಲ್ಲಿ ಹಾಕಿದರೆ ತುದಿ ಮೇಲೆತ್ತಿ ನಿಲ್ಲುತ್ತದೆ, ಬೇಯಿಸಿದರೆ ವಾಸನೆ ಹೊಡೆಯುತ್ತದೆ.

ಇಷ್ಟೆಲ್ಲ ಕಲಿತದ್ದು ಅಣ್ಣನಿಗಾಗಿ. ಅವನು ಕೊಲ್ಹಾಪುರದಲ್ಲಿ ಒಂದು ಗರಡಿಯಲ್ಲಿ, ಅಲ್ಲಿ ಅದಕ್ಕೆ ತಾಲೀಮು ಎನ್ನುತ್ತಾರೆ, ಕುಸ್ತಿ ಕಲಿಯುತ್ತಿದ್ದ. ‘ಪ್ಯಾಟಿ ತತ್ತಿ ತಿಂದ್ರ ಹೊಟ್ಟು ತಿಂದಂಗ, ಮನಿ ತತ್ತಿನ ಬೇಕು’ ಎಂದು ಒಂದು ಸಲ ಹೇಳಿ ಹೋಗಿದ್ದ. ಅಂದಿನಿಂದ ಪ್ರತಿ ಗುರುವಾರ ಬೆಳಗಿನ ಮೋಟಾರಿನಲ್ಲಿ ಅವನಿಗೆ ಬುಟ್ಟಿ ಹೋಗಬೇಕು: ಹದಿನೆಂಟು ತತ್ತಿ, ಭತ್ತದ ಹೊಟ್ಟಿನ ನಡುವೆ. ಡ್ರೈವರ್ ಅದನ್ನು ಮೋಟಾರು ನಿಲ್ಲುವಲ್ಲಿಯ ಚಹಾದಂಗಡಿಯಲ್ಲಿ ಇಡುತ್ತಿದ್ದ, ಅಣ್ಣ ಬಂದು ಒಯ್ಯುತ್ತಿದ್ದ. ಬುಟ್ಟಿ ಹೋಗುವತನಕ ಮನೆಯಲ್ಲಿ ಯಾರೂ ತತ್ತಿ ಮುಟ್ಟುವಂತಿರಲಿಲ್ಲ. ಎಲ್ಲಕ್ಕಿಂತ ಹೊಸವನ್ನು ನಾನೇ ಆರಿಸಿ ತುಂಬುತ್ತಿದ್ದೆ. ಉಳಿದ ಐದಾರು, ವಾರದ ಎಲ್ಲಕ್ಕಿಂತ ಹಳೆಯವು, ಮನೆಗೆ.

ಆ ವರ್ಷ ದೀಪಾವಳಿಗೆ ಮುಂಚೆ ಅಕ್ಕ ಬಂದಳು. ಇಚಲಕರಂಜಿಯಲ್ಲಿ ಅವಳ ಗಂಡನದು ಮಗ್ಗದ ಕೆಲಸ, ಅಕ್ಕನದು ಮನೆಯಲ್ಲಿ ಲಾಳಿಯ ಕಂಡಿಕಿಗೆ ನೂಲು ಸುತ್ತುವ ಕೆಲಸ. ಇಪ್ಪತ್ತೊಂದು ದಿನ ಜ್ವರದಲ್ಲಿ ಮಲಗಿ, ಕೂದಲುದುರಿ, ಇಬ್ಬರ ಹೆಗಲ ಆಸರೆಯಲ್ಲಿ ಮೋಟಾರು ಇಳಿದು ಬಂದಳು. ಗಡಹಿಂಗ್ಲಜದ ಡಾಕ್ಟರು ಬೇರೆ ಏನೂ ದೊಡ್ಡದು ಹೇಳಲಿಲ್ಲ. ‘ಹಾಲು ಕೊಡ್ರಿ, ದಿನಾ ಎರಡು ತತ್ತಿ ಅರೆಬೇಯಿಸಿ ಕೊಡ್ರಿ. ಇಲ್ಲಾಂದ್ರ ಈಕಿ ಏಳಾಂಗಿಲ್ಲ’ ಎಂದರು.

ಅಂದು ಅವ್ವ ಅಪ್ಪನ ಊಟದ ಮುಂದೆ ಕುಳಿತು ಕೇಳಿದಳು: ‘ಈ ವಾರ ಬುಟ್ಟಿ ಬಿಟ್ರ ನಡೀತೈತೇನ್ರಿ?’

‘ಮುಂದ ಕುಸ್ತಿ ಅದಾವು. ಬಿಟ್ರ ಅವನ ಮೈ ಇಳೀತೈತಿ,’ ಎಂದ ಅಪ್ಪ. ‘ಉಳದದ್ದು ಅಕಿಗೇ ಕೊಡ್ರಿ, ನಮಗ ಬ್ಯಾಡ.’

ತಾನು ಬಿಟ್ಟುಕೊಟ್ಟೆನೆಂದು ಅವನಿಗೆ ಸಮಾಧಾನ. ಅಕ್ಕನಿಗೆ ಎಂಟು ದಿನದ್ದು, ಹತ್ತು ದಿನದ್ದು. ಅರ್ಧ ತಿಂದು ತಟ್ಟೆ ಸರಿಸುತ್ತಿದ್ದಳು. ಕೆಲವು ದಿನ ತಿಂದದ್ದೂ ಹೊರಗೆ ಬರುತ್ತಿತ್ತು. ಮೂಲೆಯಿಂದ ಅಜ್ಜಿಯ ಮಾತು: ‘ಇಚಲಕರಂಜಿ ಚಹಾ ಕುಡದು ನಾಲಗಿ ದೊಡ್ಡದಾಗೇತಿ ಇಕಿದು. ಮನಿ ತತ್ತಿ ಸೇರೂದಿಲ್ಲಂತ!’ ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮತ್ತೆ ಎರಡು ತುತ್ತು ಬಾಯಿಗೆ ಹಾಕಿಕೊಂಡಳು. ನಾನು ವಹಿಯಲ್ಲಿ ಬರೆದೆ: ‘ಅಕ್ಕ, ಒಂದು. ಅರ್ಧ ಉಳಿಯಿತು.’ ತತ್ತಿ ಯಾಕೆ ಸೇರುವುದಿಲ್ಲ ಎಂಬುದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗುರುವಾರ ಬಂದಾಗ ಹೊಸವನ್ನು ಬುಟ್ಟಿಗೆ ತುಂಬಿದೆ. ಏಳು ಗುರುವಾರ.

ಏಳು ವಾರವಾದರೂ ಅಕ್ಕ ಗೋಡೆ ಹಿಡಿಯದೆ ನಡೆಯಲಿಲ್ಲ. ಕೊಲ್ಹಾಪುರದ ದೊಡ್ಡ ಡಾಕ್ಟರಿಗೆ ತೋರಿಸಲು ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಒಂಬತ್ತನೆಯ ತಾರೀಖು, ಶನಿವಾರ. ಅವರೂ ಅದನ್ನೇ ಕೇಳಿದರು: ದಿನಾ ತತ್ತಿ ತಿನ್ನುತ್ತಾಳೆಯೆ? ಅಪ್ಪ ‘ಹೌದ್ರಿ, ಮನಿ ತತ್ತಿನ’ ಎಂದ.

ಮೋಟಾರಿಗೆ ಇನ್ನೂ ಹೊತ್ತಿತ್ತು. ನಮ್ಮನ್ನು ಆ ಚಹಾದಂಗಡಿಯ ಬೆಂಚಿನ ಮೇಲೆ ಕೂಡಿಸಿ ಅಪ್ಪ ಅಣ್ಣನನ್ನು ನೋಡಲು ತಾಲೀಮಿಗೆ ಹೋದ. ಅಕ್ಕ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದು ತತ್ತಿ ಬೇಯಿಸಿ ಕೊಡಲು ಹೇಳಿದೆ.

‘ಘರಚೀ ಅಂಡೀ ಆಹೇತ, ತಾಈ, ಬಾಜಾರಚೀ ನಾಹೀತ,’ ಎಂದ ಅಂಗಡಿಯವ. ಮನೆಯ ಕೋಳಿಯವು, ಸಂತೆಯವಲ್ಲ ಎಂದು ಅವನಿಗೆ ಹೆಮ್ಮೆ. ಬೆಂದ ತತ್ತಿಯನ್ನು ಬಟ್ಟಲಲ್ಲಿ ತಂದಿಟ್ಟ. ಅಕ್ಕ ಸುಲಿದು, ಉಪ್ಪು ಮುಟ್ಟಿಸಿ, ಒಂದು ತುತ್ತು ತಿಂದಳು. ಅಗಿಯುವುದನ್ನು ನಿಲ್ಲಿಸಿದಳು. ಇನ್ನೊಂದು ತುತ್ತು. ಪೂರ್ತಿ ತಿಂದಳು, ಬಟ್ಟಲಲ್ಲಿ ಬಿದ್ದ ಹಳದಿಯ ಪುಡಿಯನ್ನೂ ಬೆರಳಿಗೆ ಹಚ್ಚಿಕೊಂಡು ತಿಂದಳು.

‘ಪ್ಯಾಟಿ ತತ್ತಿ ಎಷ್ಟ ರುಚಿ ಐತಿ ನೋಡ,’ ಎಂದಳು. ‘ನಮ್ಮ ಕೋಳಿಗೆ ಏನಾಗೇತಿ? ಇಂಥಾ ತತ್ತಿ ಒಂದೂ ಇಡೂದಿಲ್ಲಲ್ಲ.’

ನಾನು ಬೆಂಚಿನ ಮೇಲಿನ ಸಿಪ್ಪೆ ನೋಡುತ್ತಿದ್ದೆ. ದೊಡ್ಡ ಚೂರಿನ ಮೇಲೆ ನೇರಳೆ ಬಣ್ಣದ ‘೬’, ಅದರ ಕೆಳಗೆ ‘ಕ’. ಕುದಿವ ನೀರಿಗೆ ಮಸುಕಾಗಿತ್ತು, ಅಳಿದಿರಲಿಲ್ಲ. ಎದ್ದು ಅಂಗಡಿಯವನ ಬುಟ್ಟಿಗೆ ಕೈ ಹಾಕಿದೆ. ಒಳಗೆ ಹನ್ನೊಂದು ಇದ್ದವು. ಹನ್ನೊಂದರ ಮೇಲೂ ನನ್ನ ಅಕ್ಷರ.

ಅಣ್ಣನನ್ನು ಮುಂದೆ ಹಾಕಿಕೊಂಡು ಅಪ್ಪ ಬಂದ. ಅಣ್ಣ ಸಿಕ್ಕದ್ದು ತಾಲೀಮಿನಲ್ಲಲ್ಲ; ಓಣಿಯ ತುದಿಯಲ್ಲಿ, ಗೆಳೆಯರ ಜೊತೆ. ದಸರೆಯಿಂದಲೇ ತಾಲೀಮು ಬಿಟ್ಟಿದ್ದ. ಬುಟ್ಟಿಯನ್ನು ಅಂಗಡಿಯವನಿಗೇ ಬಿಟ್ಟು, ಅದರ ಬದಲಿಗೆ ಎರಡು ಹೊತ್ತು ಅಲ್ಲಿ ಚಹಾ, ಪಾವು, ಭಜಿ ತಿನ್ನುತ್ತಿದ್ದ.

‘ಹಸಿ ತತ್ತಿ ಕುಡದು ಕುಡದು ವಾಕರಿಕಿ ಬಂದಿತ್ತು,’ ಎಂದ. ‘ಬ್ಯಾಡ ಅಂತ ಬರದ್ರ ಅಪ್ಪ ಸುಮ್ನ ಬಿಡತಿದ್ನೇನು? ನಾ ಏನ್ ಕಳವ ಮಾಡೇನಿ?’

‘ಅಕ್ಕನ ಮಾರಿ ನೋಡಿ ಹೇಳ,’ ಎಂದೆ ನಾನು. ಅವನು ಆಗಲೇ ಅಕ್ಕನನ್ನು ಸರಿಯಾಗಿ ನೋಡಿದ್ದು. ಜ್ವರದ ಸುದ್ದಿಯನ್ನು ಮನೆಯಿಂದ ಯಾರೂ ಅವನಿಗೆ ಬರೆದಿರಲಿಲ್ಲ, ಮನಸ್ಸು ಕೆಡಬಾರದೆಂದು. ಹೋಗಿ ಅವಳ ಕಾಲ ಬಳಿ ಕುಳಿತ. ನನಗೆ ಮರುಕ ಬರಲಿಲ್ಲ. ಇಂದಿಗೂ ಬಂದಿಲ್ಲ.

ಅಪ್ಪ ಅವನನ್ನು ಹೊಡೆಯಬಹುದೆಂದುಕೊಂಡಿದ್ದೆ. ಹೊಡೆಯಲಿಲ್ಲ; ಅವನನ್ನು ಅಲ್ಲಿಯೇ ಬಿಟ್ಟು ನಾವು ಮೂವರು ಮೋಟಾರು ಹತ್ತಿದೆವು. ನಿಪ್ಪಾಣಿ ದಾಟಿದ ಮೇಲೆ ಅಪ್ಪ ನನ್ನ ಕಡೆ ಬಾಗಿ ಹೇಳಿದ: ‘ಮನ್ಯಾಗ ಬಾಯಿ ಬಿಡಬ್ಯಾಡ. ಅಂವಾ ಮತ್ತ ತಾಲೀಮಿಗೆ ಹೋಗ್ತೇನಿ ಅಂದಾನ. ಬುಟ್ಟಿ ಹೋಗೂದು ತಪ್ಪಬಾರದು. ತಪ್ಪಿದ್ರ ಡ್ರೈವರ್ ಕೇಳ್ತಾನ, ಊರ ಮಂದಿ ಕೇಳ್ತಾರ. ಪೈಲ್ವಾನನ ಅಪ್ಪ ಅಂತಾರ ನನಗ.’

ನಮ್ಮಿಬ್ಬರ ನಡುವೆ ಕುಳಿತ ಅಕ್ಕನಿಗೂ ಅದು ಕೇಳಿಸಿತು. ಕಣ್ಣು ಮುಚ್ಚಿಕೊಂಡಳು.

ಮನೆಗೆ ಬಂದು ವಹಿ ತೆಗೆದೆ. ಅಣ್ಣನಿಗೆ ಏಳು ವಾರದಲ್ಲಿ ನೂರಿಪ್ಪತ್ತಾರು. ಅಕ್ಕನಿಗೆ ನಲವತ್ತೊಂದು, ಅದರಲ್ಲಿ ಪೂರ್ತಿ ತಿಂದದ್ದು ಹದಿನೆಂಟು. ಒಂದು ಅಂಕಿಯೂ ತಪ್ಪಿರಲಿಲ್ಲ. ಅಷ್ಟು ಚೊಕ್ಕವಾಗಿ ಬರೆದವಳು ನಾನು, ಬರೆದದ್ದನ್ನು ಓದಲಿಲ್ಲ.

ಮುಂದಿನ ಗುರುವಾರ ಮೋಟಾರು ಬಂದು ಕೂಗಿದಾಗ ಬುಟ್ಟಿಗೆ ಬಟ್ಟೆ ಕಟ್ಟಿ ನಾನೇ ಒಯ್ದು ಕೊಟ್ಟೆ. ಡ್ರೈವರ್ ಎತ್ತಿ ನೋಡಿ ನಕ್ಕ: ‘ಏನವಾ, ಈ ಸಲ ಪೈಲ್ವಾನ್ರ ಬುಟ್ಟಿ ಭಾಳ ಹಗರ ಐತಿ?’

ಅಪ್ಪ ಎತ್ತು ಬಿಟ್ಟು ಓಡಿ ಬಂದ. ‘ಏನ್ ಹಾಕೀದಿ ಅದರಾಗ?’

‘ಹೊಟ್ಟು,’ ಎಂದೆ. ‘ಊರ ಮಂದಿ ಬುಟ್ಟಿ ನೋಡ್ತಾರ. ತತ್ತಿ ಎಂದೂ ನೋಡಿಲ್ಲ.’

ಅಪ್ಪ ಕೈ ಎತ್ತಿದ. ಅಷ್ಟರಲ್ಲಿ ಅವ್ವ ಒಲೆಯ ಮುಂದಿನಿಂದಲೇ, ಕೇಳುವಷ್ಟು ಗಟ್ಟಿಯಾಗಿ, ‘ನೀರ ಕಾದೈತಿ, ನಿನ್ನಿ ಬುಧವಾರದ ಎರಡು ತತ್ತಿ ತಾ ಇಲ್ಲೆ,’ ಎಂದಳು. ಅಪ್ಪನ ಕೈ ಇಳಿಯಿತು. ಮೋಟಾರು ಹೊಟ್ಟು ಹೊತ್ತು ಕೊಲ್ಹಾಪುರಕ್ಕೆ ಹೋಯಿತು.

ಅಕ್ಕ ಎರಡನ್ನೂ ತಿಂದಳು. ಮೊದಲನೆಯದರ ಸಿಪ್ಪೆಯ ಮೇಲಿನ ‘೧೩, ಕ’ ಬಹಳ ಹೊತ್ತು ನೋಡಿದಳು, ನನ್ನನ್ನು ನೋಡಿದಳು. ಕೊಲ್ಹಾಪುರದ ಬೆಂಚಿನ ಮೇಲಿನ ಸಿಪ್ಪೆಯ ಗುರುತನ್ನು ಅವಳೂ ನೋಡಿದ್ದಳೆಂದು ನನಗೆ ಆಗ ಗೊತ್ತಾಯಿತು. ಆದರೂ ಅವಳು ಕೇಳಿದ್ದು ಇಷ್ಟೇ: ‘ನಾಳೆನೂ ಇಂಥಾದ ಕೊಡ್ತಿಯೇನು?’

ನನ್ನ ಅಕ್ಕ, ನಮ್ಮ ಮನೆಯಲ್ಲಿ, ನಮ್ಮ ಕೋಳಿಯ ತತ್ತಿಯನ್ನು ಹಾಗೆ ಕೇಳಬೇಕಾಯಿತು.