ಸ್ವಲ್ಪ ಸ್ವಂತ

ನನ್ನ ಮಗಳು ಎಮರಿವಿಲ್‌ನಲ್ಲಿ ಕಾರ್ಟೂನು ಚಿತ್ರಗಳಿಗೆ ಹಿನ್ನೆಲೆ ಬಿಡಿಸುತ್ತಾಳೆ. ಮದುವೆಯಾಗಿರುವುದು ಸ್ವೀಡನ್ನಿನ ಹುಡುಗನನ್ನು. ಕಳೆದ ಬೇಸಿಗೆಯಲ್ಲಿ ಮೊದಲ ಸಲ ಅವನ ಊರಿಗೆ ಹೋದಳು. ಅವಳು ಅಲ್ಲಿದ್ದಷ್ಟು ದಿನವೂ ನನಗೆ ಒಂದೇ ಚಿಂತೆ: ಆ ಮನೆಯವರು ಇವಳನ್ನು ತಮ್ಮವಳು ಅಂದುಕೊಳ್ಳುತ್ತಾರೋ ಇಲ್ಲವೋ.

ಒಂದು ದಿನ ಬೀಗಿತ್ತಿ, ಎರಡೂ ಮನೆಯವರಿರುವ ಗ್ರೂಪಿಗೆ ಫೋಟೋ ಹಾಕಿದರು. ಅದರಲ್ಲಿ ನನ್ನ ಮಗಳು, ಬೇಯಿಸಿದ ಆಲೂಗಡ್ಡೆಯ ಮೇಲೆ ಬ್ಯಾಗಿನಲ್ಲಿ ಒಯ್ದಿದ್ದ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದಾಳೆ. ಕೆಳಗೆ ಅವರ ಭಾಷೆಯಲ್ಲಿ ಒಂದು ಸಾಲು; ಕೊನೆಗೆ ‘ಲೀಟೆ ಏಗೆನ್’ ಅಂತ ಇತ್ತು. ಫೋನಿನಲ್ಲಿ ಅನುವಾದ ಒತ್ತಿದೆ. ‘ಅವಳು ಸ್ವಲ್ಪ ಸ್ವಂತ’ ಎಂದು ಬಂತು.

ಸ್ವಲ್ಪವಾದರೇನು, ಸ್ವಂತ ತಾನೆ. ಕಣ್ಣು ತುಂಬಿತು. ಮೈಸೂರಿನ ಅಕ್ಕನಿಗೆ ಹೇಳಿದೆ. ಅವಳು ‘ಸ್ವಲ್ಪ’ವನ್ನು ಕಿತ್ತುಹಾಕಿ, ‘ಸ್ವಂತ ಮಗಳು ಅಂದರಂತೆ’ ಎಂದು ನಮ್ಮ ಕಡೆಯ ಗ್ರೂಪಿಗೆ ಏರಿಸಿದಳು. ಯೂನಿಯನ್ ಸಿಟಿಯಲ್ಲಿ ಇಲ್ಲಿನ ಕನ್ನಡದವರೆಲ್ಲ ಮನೆಯಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಡಿಸುತ್ತಾ ನಾನೂ ಸಿಕ್ಕವರಿಗೆಲ್ಲ ಹೇಳಿದೆ.

ಸೋಮವಾರ ಆಫೀಸಿನಲ್ಲಿ ನಾರ್ವೆಯ ಸಹೋದ್ಯೋಗಿಗೂ ಹೇಳಿದೆ. ಅಲ್ಲಿ ಕೆಟ್ಟೆ. ಆತ ಕಾಫಿ ಕೆಳಗಿಟ್ಟು, ಸಂಕೋಚದಿಂದಲೇ ಬಿಡಿಸಿ ಹೇಳಿದ. ಆ ‘ಏಗೆನ್’ ಪದಕ್ಕೆ ಸ್ವಂತ ಅನ್ನುವ ಅರ್ಥವೂ ಇದೆ, ನಿಜ. ಆದರೆ ಒಬ್ಬರನ್ನು ಹಾಗಂದರೆ ಅವರು ವಿಚಿತ್ರ ಅಂತ. ನಾರ್ವೆಯಲ್ಲೂ ಹಾಗೇ, ಡೆನ್ಮಾರ್ಕಿನಲ್ಲೂ ಹಾಗೇ, ಜರ್ಮನರ ‘ಐಗನ್’ ಕೂಡ ಅದೇ ಬುದ್ಧಿಯದು. ಈ ಭಾಷೆಗಳಿಗೆ ನಂಟೇ ಇಲ್ಲದ ಫಿನ್ನಿಶ್‌ನಲ್ಲೂ ‘ಒಮಾ’ ಅಂದರೆ ಸ್ವಂತ, ಅದರಿಂದಲೇ ಹುಟ್ಟಿದ ‘ಒಮಿತುಯಿನೆನ್’ ಅಂದರೆ ವಿಚಿತ್ರವಂತೆ. ಭೂಮಿಯ ಆ ಮೂಲೆಯೆಲ್ಲ ಸೇರಿ ನನ್ನ ಮಗಳನ್ನು ಆಡಿಕೊಂಡಂತಾಯಿತು.

ಮಗಳಿಗೆ ಫೋನು ಮಾಡಿ ಕೂಗಾಡಿದೆ. ಅವಳಿಗೆ ಅರ್ಥ ಮೊದಲೇ ಗೊತ್ತಿತ್ತಂತೆ.

"ಅಮ್ಮಾ, ನೀನು ಎಲ್ಲರ ಹತ್ರ ನಾನು ಒಂಥರಾ ಅಂತೀಯ. ಸೇಮ್ ಥಿಂಗ್."

"ನಾನು ಹೆತ್ತೋಳು ಕಣೇ, ಅನ್ನಬಹುದು. ಹೊರಗಿನೋರು ಅನ್ನಬಾರದು."

ಅತ್ತೆಯ ಜೊತೆ ಕಾಡಿಗೆ ಹಣ್ಣು ಕೀಳಲು ಹೋಗಬೇಕು ಎಂದು ಫೋನಿಟ್ಟಳು. ನೀವೇ ಹೇಳಿ, ಇಂಥವಳ ಪರ ಯಾರಾದರೂ ಜಗಳಾಡುವುದು ಹೇಗೆ?

ಈಗ ಆ ಬೀಗಿತ್ತಿ ಮುಂದಿನ ತಿಂಗಳು ನಮ್ಮ ಮನೆಗೆ ಬರುತ್ತಿದ್ದಾರೆ. ತಮ್ಮದೇ ದಿಂಬು, ತಮ್ಮದೇ ಒಣರೊಟ್ಟಿ ತರುತ್ತಾರಂತೆ. ಎಷ್ಟೇ ಚಳಿಯಿರಲಿ, ಕಿಟಕಿ ತೆರೆದೇ ಮಲಗುತ್ತಾರಂತೆ. ಮೆಸೇಜು ಓದಿ ಹಣೆ ಚಚ್ಚಿಕೊಂಡೆ. "ಈಯಮ್ಮನೂ ಒಂಥರಾ ಕಣ್ರೀ," ಎಂದೆ.

ಗಂಡ ಪಾತ್ರೆ ಒರೆಸುತ್ತಾ, "ಹಾಗಂದ್ಯಾ? ಮುಗೀತು, ಇನ್ನು ಅವರೂ ನಮ್ಮವರೇ," ಎಂದರು.

ನನಗೆ ನಗು ಬರಲಿಲ್ಲ. ಅಕ್ಕ ಹಾಕಿದ ಆ ಸುಳ್ಳಿಗೆ ಇವತ್ತಿಗೂ ಯಾರಾದರೊಬ್ಬರು ಹೃದಯ ಒತ್ತುತ್ತಲೇ ಇದ್ದಾರೆ. ತಿದ್ದುಪಡಿ ಬರೆಯಲು ಮೂರು ಸಲ ಕೂತೆ. ‘ಸ್ವಂತ ಅಲ್ಲ’ ಅಂತ ಟೈಪು ಮಾಡಲು ಕೈ ಬರುತ್ತಿಲ್ಲ.